ನೀರಿನಲ್ಲಿಲ್ಲದ ಬೆಂಕಿ

ನೀರಿನಲ್ಲಿ ಜಲಜನಕ ಇದೆಯೇ? ಹೈಸ್ಕೂಲು ಹುಡುಗನಿಗೆ ಇದು ಪ್ರಶ್ನೆಯೇ ಅಲ್ಲ. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಎಂದು ಉಸಿರು ಬಿಡದೆ ಒಪ್ಪಿಸಿಬಿಡುತ್ತಾನೆ. ಹಾಗಿದ್ದರೆ ಉರಿಯುವ ಅನಿಲವನ್ನು ಮೈತುಂಬ ಇಟ್ಟುಕೊಂಡ ನೀರು ಬೆಂಕಿಯನ್ನು ಆರಿಸುವುದೇಕೆ ಎಂದು ಕೇಳಿದರೆ ಅವನಷ್ಟೇ ಅಲ್ಲ, ಅವನ ಮೇಷ್ಟರೂ ಒಂದು ಗಳಿಗೆ ತಡವರಿಸಬಹುದು. ಈ ತಡವರಿಕೆ ಇವತ್ತಿನದಲ್ಲ. ಹುಟ್ಟುವ ಮೊದಲೇ ಕಾರ್ಯವು ಕಾರಣದೊಳಗೆ ಇರುತ್ತದೆಯೇ ಎಂಬುದನ್ನು ಹಿಡಿದು ನಮ್ಮ ದರ್ಶನಗಳು ಶತಮಾನಗಟ್ಟಲೆ ಜಗಳವಾಡಿವೆ. ಇರುತ್ತದೆ ಎಂದವರು ಸಾಂಖ್ಯರು: ಎಳ್ಳಿನಲ್ಲಿ ಇಲ್ಲದ ಎಣ್ಣೆ ಗಾಣದಿಂದ ಬರುವುದಿಲ್ಲ, ಮರಳನ್ನು ಎಷ್ಟು ಅರೆದರೂ ಎಣ್ಣೆ ಜಿನುಗುವುದಿಲ್ಲ ಎಂಬುದು ಅವರ ಹೆಸರಾಂತ ವಾದ. ಇರುವುದಿಲ್ಲ, ಕಾರ್ಯವೆಂದರೆ ಹೊಸ ಆರಂಭವೇ ಎಂದವರು ನ್ಯಾಯ-ವೈಶೇಷಿಕರು. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ತೆಗೆಯುವ ಕೋಶವನ್ನೂ, ಅದನ್ನು ಆದಷ್ಟು ಕಡಿಮೆ ನಷ್ಟದಲ್ಲಿ ನಡೆಸಲು ಎಂಜಿನಿಯರರು ಪಡುವ ಪಾಡನ್ನೂ ಈ ಹಳೆಯ ವ್ಯಾಜ್ಯದಲ್ಲಿ ಸಾಕ್ಷಿಕಟ್ಟೆಗೆ ಕರೆಯಬಹುದು ಎಂದು ನನ್ನ ಎಣಿಕೆ. ಆ ಸಾಕ್ಷಿ ಹೇಳುವುದು ಇಷ್ಟು: ವಸ್ತು ನೀರಿನಲ್ಲಿತ್ತು, ಬೆಂಕಿ ಇರಲಿಲ್ಲ, ಬೆಂಕಿ ಬಂದದ್ದು ನಿಮಿತ್ತದ, ಎಂದರೆ ಹೊರಗಿನಿಂದ ಕೆಲಸ ನಡೆಸುವ ಕಾರಣದ, ಕಡೆಯಿಂದ. ಜಲಜನಕದ ಒಳಿತು ಕೆಡುಕುಗಳನ್ನು ತೂಗಬೇಕಾದದ್ದೂ ಆ ಕಡೆಯಲ್ಲೇ.

ಈ ವಿಚಾರಣೆಗೆ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಎಂದ ಕೂಡಲೇ ಜನರಿಗೆ ನೆನಪಾಗುವುದು ಹೊಗೆಸೊಪ್ಪು. ಆದರೆ ಕಾರ್ಯಕಾರಣದ ಬಗ್ಗೆ ಒಂದೊಂದು ನಿಲುವು ತಳೆದ ಪರಂಪರೆಗಳು ಇಲ್ಲಿ ಒಂದೊಂದು ಮೂಲೆಯಲ್ಲಿ ನೆಲೆಯೂರಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ಬೌದ್ಧರ ಸೆರಾ ವಿಹಾರವಿದೆ. 1419ರಲ್ಲಿ ಲಾಸಾದ ಬಳಿ ಸ್ಥಾಪನೆಯಾದ ಈ ವಿದ್ಯಾಪೀಠ ದೇಶ ಬಿಟ್ಟು ಬಂದು ಇಲ್ಲಿ ಮತ್ತೆ ಕಟ್ಟಿಕೊಂಡಿತು. ಅಲ್ಲಿ ಬೌದ್ಧ ದಾರ್ಶನಿಕರಾದ ನಾಗಾರ್ಜುನ, ಧರ್ಮಕೀರ್ತಿಗಳನ್ನು ಇಂದಿಗೂ ಚಪ್ಪಾಳೆ ತಟ್ಟಿ ವಾದ ಮಾಡುತ್ತ ಕಲಿಯುತ್ತಾರೆ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ನಿಂತಿದ್ದಾನೆ. ಹಿಂದೆ ಎಡತೊರೆ ಎನಿಸಿಕೊಂಡಿದ್ದ ಕೆ.ಆರ್.ನಗರದಲ್ಲಿ ಅರ್ಕೇಶ್ವರನ ಗುಡಿಯೂ ಯೋಗಾನಂದೇಶ್ವರ ಸರಸ್ವತಿ ಮಠದ ಅದ್ವೈತ ಪರಂಪರೆಯೂ ಇವೆ. ಎಚ್.ಡಿ.ಕೋಟೆಯಲ್ಲಿ ಹರಿಯುವ ಕಬಿನಿಗೆ ಕಪಿಲಾ ಎಂದೂ ಹೆಸರು, ಸಾಂಖ್ಯದ ಮೂಲಪುರುಷ ಎನ್ನುವ ಋಷಿಯದೂ ಅದೇ ಹೆಸರು. ಇದು ಕಾಕತಾಳೀಯ; ಇದರ ಮೇಲೆ ನಾನೇನೂ ಕಟ್ಟಡ ಎಬ್ಬಿಸುವುದಿಲ್ಲ.

ಮೊದಲು ಸಾಕ್ಷಿಯ ಮಾತು ಕೇಳೋಣ. ವೋಲ್ಟಾನ ಬ್ಯಾಟರಿಯ ಸುದ್ದಿ ಲಂಡನ್ನಿಗೆ ಮುಟ್ಟಿದ 1800ರಲ್ಲೇ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಅದರ ತಂತಿಗಳನ್ನು ನೀರಿಗೆ ಇಳಿಬಿಟ್ಟು ನೋಡಿದರು. ಒಂದು ತುದಿಯಲ್ಲಿ ಜಲಜನಕ, ಇನ್ನೊಂದರಲ್ಲಿ ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಎದ್ದವು. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ ಫ್ಯಾರಡೆ ಇದಕ್ಕೆ ಲೆಕ್ಕದ ಕಟ್ಟು ಹಾಕಿದ: ಹರಿದ ವಿದ್ಯುತ್ತಿನ ಪ್ರಮಾಣ ಎಷ್ಟೋ ಹುಟ್ಟುವ ಅನಿಲದ ಪ್ರಮಾಣವೂ ಅಷ್ಟೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹತ್ತಿರ ಹತ್ತಿರ 9 ಕಿಲೋ ನೀರು ಒಡೆದರೆ 1 ಕಿಲೋ ಜಲಜನಕ, 8 ಕಿಲೋ ಆಮ್ಲಜನಕ. ಯಾವ ಕೋಶವಾದರೂ ಸರಿ, ಯಾವ ಊರಾದರೂ ಸರಿ, ಈ ತೂಕ ಬದಲಾಗದು. ಇಲ್ಲಿ ಸಾಂಖ್ಯರಿಗೆ ಮೊದಲ ಸುತ್ತಿನ ಗೆಲುವು ಸಲ್ಲಲೇಬೇಕು. ಕಾರ್ಯ ಪೂರ್ತಿ ಹೊಸದಾಗಿದ್ದರೆ ಒಂದಕ್ಕೆ ಎಂಟು ಎಂಬ ಈ ಹಟಮಾರಿ ಅನುಪಾತ ಎಲ್ಲಿಂದ ಬಂತು? ಬೇಕಾದದ್ದನ್ನು ಪಡೆಯಲು ಜನ ತಕ್ಕ ಉಪಾದಾನವನ್ನೇ, ಎಂದರೆ ಮೂಲವಸ್ತುವನ್ನೇ, ಹುಡುಕಿಕೊಂಡು ಹೋಗುವುದೇಕೆ? ಆರಂಭವಾದಿಗಳಾದ ನ್ಯಾಯ-ವೈಶೇಷಿಕರು ಪರಮಾಣುಗಳು ಮೊದಲೇ ಇದ್ದವು ಎಂದು ಒಪ್ಪಿ, ಅವುಗಳ ಜೋಡಣೆ ಮಾತ್ರ ಹೊಸದು ಎನ್ನಬಹುದು. ಹಾಗೆನ್ನುವುದರಿಂದ ಅವರ ಪಕ್ಷ ಉಳಿಯುತ್ತದೆ, ತೂಕದ ಪ್ರಶ್ನೆಯಲ್ಲಿ ಮಾತ್ರ ಅವರು ಸಾಂಖ್ಯರ ಹತ್ತಿರಕ್ಕೆ ಸರಿದ ಹಾಗೆಯೇ.

ಎರಡನೆಯ ಸುತ್ತಿನಲ್ಲಿ ಕತೆ ತಿರುಗುತ್ತದೆ. ಒಂದು ಕಿಲೋ ಜಲಜನಕವನ್ನು ಉರಿಸಿದರೆ, ಹುಟ್ಟುವ ಉಗಿಯನ್ನು ತಣಿಸಿ ಅದರ ಬಿಸಿಯನ್ನೂ ಹಿಡಿದುಕೊಂಡರೆ, 39.4 ಯೂನಿಟ್ ಶಕ್ತಿ ಸಿಗುತ್ತದೆ. ಉರಿದ ಮೇಲೆ ಉಳಿಯುವುದೇನು? ನೀರು. ಅಂದರೆ ನದಿಯಲ್ಲಿ, ಕೆರೆಯಲ್ಲಿ, ಕೊಡದಲ್ಲಿ ಇರುವುದು ಎಂದೋ ಉರಿದು ಮುಗಿದ ಜಲಜನಕ. ಅದರಲ್ಲಿ ಉರಿಯುವ ಶಕ್ತಿ ಅಡಗಿ ಕೂತಿಲ್ಲ, ಖರ್ಚಾಗಿ ಹೋಗಿದೆ. ಈ 39.4 ಯೂನಿಟ್ ಅನ್ನು ಹೊರಗಿನಿಂದ ತಂದು ತುಂಬದ ಹೊರತು ನೀರು ಒಡೆಯುವುದಿಲ್ಲ. ಎಳ್ಳಿನ ಉದಾಹರಣೆ ಜಾರುವುದು ಇಲ್ಲೇ. ಗಾಣ ಸುತ್ತುವ ಎತ್ತಿನ ಶ್ರಮ ಎಣ್ಣೆಯೊಳಗೆ ಹೋಗಿ ಸೇರುವುದಿಲ್ಲ, ಎಣ್ಣೆಯ ಕಾವು ಎಳ್ಳಿನ ಗಿಡ ಬಿಸಿಲಿನಿಂದ ಗಳಿಸಿಟ್ಟದ್ದು. ಕೋಶದಲ್ಲಾದರೆ ಹೊರಗಿನ ನಿಮಿತ್ತವೇ ಒಳಗೆ ಹೊಕ್ಕು ಕಾರ್ಯದ ಸತ್ವವಾಗುತ್ತದೆ. ಅನಿಲ ಅವ್ಯಕ್ತ ರೂಪದಲ್ಲಿ ಇದ್ದೇ ಇತ್ತು, ವ್ಯಕ್ತವಾಯಿತಷ್ಟೆ ಎಂದು ಸಾಂಖ್ಯರು ಉತ್ತರ ಕೊಡಬಹುದು. ಅವ್ಯಕ್ತವಾಗಿದ್ದದ್ದು ವಸ್ತು ಎಂದಾದರೆ ತಕರಾರಿಲ್ಲ. ಅವ್ಯಕ್ತವಾಗಿದ್ದದ್ದು ಶಕ್ತಿಯೂ ಹೌದು ಎಂದಾದರೆ ನೀರಿನಿಂದಲೇ ಓಡುವ ಬೈಕು, ನೀರಿನಿಂದಲೇ ಉರಿಯುವ ಒಲೆ ಎಂದು ಆಗಾಗ ಸುದ್ದಿಯಾಗುವ ಪವಾಡಗಳೆಲ್ಲ ನಿಜವಾಗಬೇಕಿತ್ತು. ಒಂದೂ ಆಗಿಲ್ಲ, ಆಗುವುದೂ ಇಲ್ಲ. ಅಂಥ ಸುದ್ದಿಯನ್ನು ನಂಬುವವನ ದಡ್ಡತನ ವಿಜ್ಞಾನದಲ್ಲಿ ಮಾತ್ರವಲ್ಲ. ಉಪಾದಾನಕ್ಕೆ ಕೈಮುಗಿದು ನಿಮಿತ್ತವನ್ನು ಮರೆಯುವ ತಾತ್ವಿಕ ದೋಷವೂ ಅದರಲ್ಲಿದೆ.

ಹಾಗಾದರೆ ಕೋಶವನ್ನು ವಿನ್ಯಾಸ ಮಾಡುವವನು ಮಾಡುವುದೇನು? ನೀರನ್ನು ಅವನು ಬದಲಿಸಲಾರ, ಜಲಜನಕವನ್ನೂ ಬದಲಿಸಲಾರ. ಅವನ ಕೈಯಲ್ಲಿರುವುದು ನಿಮಿತ್ತ ಮತ್ತು ಅದಕ್ಕೆ ನೆರವಾಗುವ ಸಹಕಾರಿ ಕಾರಣಗಳ ಏರ್ಪಾಡು ಮಾತ್ರ. ಕೋಣೆಯ ತಾಪದಲ್ಲಿ ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಅಷ್ಟರಲ್ಲೇ ಕೆಲಸ ನಡೆಸಿದರೆ ಕೋಶ ಸುತ್ತಲಿನಿಂದ ಬಿಸಿಯನ್ನು ಹೀರಿಕೊಳ್ಳುತ್ತ ತಣ್ಣಗಾಗುತ್ತದೆ. ಎಲ್ಲ ಖರ್ಚನ್ನೂ ವಿದ್ಯುತ್ತೇ ಹೊರಬೇಕೆಂದರೆ 1.48 ವೋಲ್ಟ್ ಆಗುತ್ತದೆ. ಇದು ಪ್ರಕೃತಿ ಕಟ್ಟಿದ ಬೆಲೆ, ಇದರಲ್ಲಿ ಚೌಕಾಸಿ ಇಲ್ಲ. ನಿಜವಾದ ಯಂತ್ರಗಳು ನಡೆಯುವುದು 1.7ರಿಂದ 2 ವೋಲ್ಟ್‌ಗಳ ಆಸುಪಾಸಿನಲ್ಲಿ. ಪ್ರತಿ 0.1 ವೋಲ್ಟ್ ಹೆಚ್ಚಾದಂತೆಲ್ಲ ಕಿಲೋ ಜಲಜನಕಕ್ಕೆ ಸುಮಾರು 2.7 ಯೂನಿಟ್ ಹೆಚ್ಚು ಬೀಳುತ್ತದೆ. ಪಂಪು, ಶುದ್ಧೀಕರಣ ಎಲ್ಲ ಸೇರಿ ಇಂದಿನ ಸ್ಥಾವರಗಳು ಕಿಲೋಗೆ 50ರಿಂದ 55 ಯೂನಿಟ್ ತಿನ್ನುತ್ತವೆ. ಈ ಮೇಲುಖರ್ಚು ಹೋಗುವುದೆಲ್ಲಿಗೆ? ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ಕ್ರಿಯೆ ಮೊದಲಾಗಲು ಬೇಕಾದ ತಳ್ಳುವಿಕೆಗೆ, ದ್ರಾವಣದ ಮತ್ತು ಪೊರೆಯ ತಡೆಗೆ, ಮೇಲ್ಮೈಗೆ ಅಂಟಿಕೊಂಡು ದಾರಿ ಮುಚ್ಚುವ ಗುಳ್ಳೆಗಳಿಗೆ. ವಿನ್ಯಾಸದ ಜಾಣತನವೆಲ್ಲ ಇವನ್ನು ತಗ್ಗಿಸುವುದರಲ್ಲಿದೆ: ಎರಡು ಎಲೆಕ್ಟ್ರೋಡುಗಳನ್ನು ನಡುವಿನ ಪೊರೆಗೆ ಒತ್ತಿ ಕೂರಿಸಿ ಅಂತರವನ್ನೇ ಇಲ್ಲವಾಗಿಸುವುದು, ನಿಕ್ಕಲ್ಲಿನ ಮೈಯನ್ನು ಜಾಲರಿಯಾಗಿ ಹಿಗ್ಗಿಸುವುದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು 80 ಡಿಗ್ರಿ ಸುತ್ತಮುತ್ತ ಬಿಸಿಯಾಗಿಡುವುದು. 2022ರಲ್ಲಿ ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದವರು ಪೊರೆಯ ಸಣ್ಣ ರಂಧ್ರಗಳ ಮೂಲಕ ನೀರು ತಾನಾಗಿ ಮೇಲೇರಿ ಎಲೆಕ್ಟ್ರೋಡನ್ನು ತೇವವಾಗಿಡುವಂತೆ ಮಾಡಿ, ಗುಳ್ಳೆಯ ಕಾಟವನ್ನೇ ತಪ್ಪಿಸಿ, ಕೋಶದ ಮಟ್ಟದಲ್ಲಿ ಶೇ. 98ರ ದಕ್ಷತೆ ತೋರಿಸಿದರು. ಪ್ರಯೋಗಾಲಯದ ಅಂಕಿ ಇದು, ಕಾರ್ಖಾನೆಯದಲ್ಲ. ಆದರೂ ಸೋರುವುದರಲ್ಲಿ ಹೆಚ್ಚಿನದು ಪ್ರಕೃತಿಯ ಕಟ್ಟಳೆಯಿಂದ ಅಲ್ಲ, ಏರ್ಪಾಡಿನ ಕೊರತೆಯಿಂದ ಎಂಬುದಕ್ಕೆ ಇಷ್ಟು ಸಾಕು.

ಇದರಲ್ಲಿ ನನಗೆ ಬಹಳ ಮುಖ್ಯವೆನಿಸುವುದು ವೇಗದ ಸಂಗತಿ. ಅನಿಲ ಬೇಗ ಬೇಕೆಂದು ಹೆಚ್ಚು ಕರೆಂಟು ಹರಿಸಿದಷ್ಟೂ ನಷ್ಟ ಏರುತ್ತದೆ. ತೀರಾ ನಿಧಾನಕ್ಕೆ ಬಿಟ್ಟರೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ, ಬರುವ ಅನಿಲವೂ ಇಲ್ಲವೆನ್ನುವಷ್ಟು ಕಡಿಮೆ. ಪೂರ್ಣ ದಕ್ಷತೆ ಎಂಬುದು ಕೆಲಸವೇ ನಡೆಯದ ಸ್ಥಿತಿಯ ಹತ್ತಿರ ಇದೆ. ಹಾಗಾಗಿ ದಕ್ಷ ಕೋಶ ಎಂದರೆ ನಷ್ಟವಿಲ್ಲದ ಕೋಶ ಎಂದು ಓದಬಾರದು. ಎಷ್ಟು ಅವಸರಕ್ಕೆ ಎಷ್ಟು ದಂಡ ಕಟ್ಟಲು ಒಪ್ಪಿದ್ದೇವೆ ಎಂಬ ಒಡಂಬಡಿಕೆ ಅದು. ಕರ್ಮದಲ್ಲಿ ದೋಷ ಇದ್ದೇ ಇರುತ್ತದೆ, ಆದರೆ ಅದರ ಪ್ರಮಾಣ ಮಾಡುವವನ ಕೈಯಲ್ಲಿದೆ ಎಂಬ ಮಾತನ್ನು ನಮ್ಮ ಧರ್ಮಚಿಂತನೆ ಹೊಸದಾಗಿ ಕಲಿಯಬೇಕಿಲ್ಲ. ಕೋಶ ಅದಕ್ಕೆ ವೋಲ್ಟಿನ ಲೆಕ್ಕ ಕೊಡುತ್ತದೆ.

ವೇಗವರ್ಧಕಗಳ ವಿಚಾರ ಬೈಲಕುಪ್ಪೆಯ ವಾದಮಂಟಪಕ್ಕೆ ಹೇಳಿ ಮಾಡಿಸಿದಂತಿದೆ. ತಾನು ಬದಲಾಗದೆ ಕ್ರಿಯೆಯನ್ನು ಮಾತ್ರ ಚುರುಕಾಗಿಸುವ ವಸ್ತು ಎಂದು ಪಠ್ಯಪುಸ್ತಕ ವೇಗವರ್ಧಕವನ್ನು ವರ್ಣಿಸುತ್ತದೆ. ಕೇಳಿದರೆ ಸಾಂಖ್ಯರ ಪುರುಷನೇ ನೆನಪಾಗುತ್ತಾನೆ: ಏನೂ ಮಾಡದೆ, ಬರೀ ಸನ್ನಿಧಿಯಿಂದಲೇ ಪ್ರಕೃತಿಯನ್ನು ಚಲಿಸುವಂತೆ ಮಾಡುವವನು. ಧರ್ಮಕೀರ್ತಿ ಇಂಥ ಕಾರಣವನ್ನು ಒಪ್ಪುವವನಲ್ಲ. ಎಂದಿಗೂ ಬದಲಾಗದ ವಸ್ತು ಯಾವ ಕೆಲಸವನ್ನೂ ಮಾಡಲಾರದು, ಮಾಡುವುದಾದರೆ ಅದು ಬದಲಾಗುತ್ತಲೇ ಇರಬೇಕು ಎಂಬುದು ಅವನ ತರ್ಕದ ತಿರುಳು. ಎಲೆಕ್ಟ್ರೋಡಿನ ಮೈಯನ್ನು ಹತ್ತಿರದಿಂದ ನೋಡಿದವರು ಅವನ ಪರವಾಗಿಯೇ ಸಾಕ್ಷಿ ಹೇಳಿದ್ದಾರೆ. ಆಮ್ಲಜನಕ ಹುಟ್ಟುವ ಕಡೆ ನಿಕ್ಕಲ್ ಶುದ್ಧ ಲೋಹವಾಗಿ ಉಳಿಯುವುದಿಲ್ಲ, ಅದರ ಮೇಲ್ಪದರ ಬೇರೆಯೇ ಸಂಯುಕ್ತವಾಗಿ ಮಾರ್ಪಡುತ್ತದೆ. ಬಹಳ ಕಾಲ ನಿಕ್ಕಲ್ಲಿನದೇ ಎಂದುಕೊಂಡಿದ್ದ ಚುರುಕುತನದಲ್ಲಿ ದೊಡ್ಡ ಪಾಲು ದ್ರಾವಣದಲ್ಲಿ ಕಲ್ಮಶವಾಗಿ ಸೇರಿದ್ದ ಚೂರು ಕಬ್ಬಿಣದ್ದು ಎಂದು ಆಮೇಲೆ ಗೊತ್ತಾಯಿತು. ಪ್ಲಾಸ್ಟಿಕ್ ಪೊರೆಯ ಆಮ್ಲೀಯ ಕೋಶಗಳಲ್ಲಿ ಬಳಸುವ ಇರಿಡಿಯಂ ಕೂಡ ಕರಗುತ್ತ ಸವೆಯುತ್ತದೆ. ಇಡೀ ಜಗತ್ತು ವರ್ಷಕ್ಕೆ ತೆಗೆಯುವ ಇರಿಡಿಯಂ ಏಳೆಂಟು ಟನ್ ಆಸುಪಾಸಿನದು, ಅದರ ಬಹುಪಾಲು ದಕ್ಷಿಣ ಆಫ್ರಿಕಾದ್ದು. ದೂರ ನಿಂತು ನೋಡುವ ಪುರುಷ ಈ ಕೋಶದಲ್ಲಿ ಎಲ್ಲೂ ಸಿಗುವುದಿಲ್ಲ. ಪ್ರತಿ ಕಾರಣವೂ ಇನ್ನೊಂದನ್ನು ಆತು ನಿಂತಿದೆ, ಕೆಲಸ ಮಾಡುತ್ತಲೇ ಬದಲಾಗುತ್ತಿದೆ. ಸೆರಾದ ಭಿಕ್ಷುಗಳು ಅಮೆರಿಕದ ಎಮರಿ ವಿಶ್ವವಿದ್ಯಾಲಯದ ನೆರವಿನಿಂದ ಕಳೆದ ದಶಕದಿಂದ ಭೌತವಿಜ್ಞಾನ, ಜೀವವಿಜ್ಞಾನಗಳನ್ನು ಪಠ್ಯಕ್ರಮದ ಭಾಗವಾಗಿಯೇ ಓದುತ್ತಿದ್ದಾರೆ. ಅವರ ಗ್ರಂಥಗಳ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ದರ್ಶನಗಳು ಹೇಳಿದ ಜಲ ರಸಾಯನಶಾಸ್ತ್ರದ ನೀರಲ್ಲ, ಪಂಚಭೂತಗಳಲ್ಲಿ ಒಂದು. ಅದನ್ನು ಒಡೆಯುವ ಮಾತೇ ಅವರಲ್ಲಿ ಇಲ್ಲ. ಎರಡನ್ನೂ ಒಂದೇ ಗಾಡಿಗೆ ಕಟ್ಟುವುದು ಸರಿಯೇ ಎಂದು ಪಂಡಿತರು ಕೇಳಿಯಾರು. ಕೇಳುವುದು ನ್ಯಾಯವೇ. ನೀರಿನೊಳಗೆ ಅಗ್ನಿ ಇದ್ದಾನೆ ಎಂದು ವೇದ ಹಾಡಿದೆ, ಪುರಾಣದಲ್ಲಿ ಬಡಬಾಗ್ನಿ ಸಮುದ್ರದೊಳಗೆ ಉರಿಯುತ್ತದೆ, ಆದ್ದರಿಂದ ನಮ್ಮವರಿಗೆ ಜಲಜನಕ ಮೊದಲೇ ಗೊತ್ತಿತ್ತು ಎನ್ನುವವರ ಸಾಲಿನಲ್ಲಿ ನಾನು ಕೂರಲಾರೆ. ಆ ಸಾಲು ಕಾವ್ಯವನ್ನೂ ಕೆಡಿಸುತ್ತದೆ, ವಿಜ್ಞಾನವನ್ನೂ ಕೆಡಿಸುತ್ತದೆ. ಮೇಲೆ ಕಂಡಂತೆ, ನೀರಿನೊಳಗೆ ಬೆಂಕಿ ಇಲ್ಲ ಎಂಬುದೇ ಈ ವಿಷಯದ ಮೊದಲ ಪಾಠ. ಹಿಂದಿನವರಿಂದ ನಾನು ಸಾಲ ತರುತ್ತಿರುವುದು ಅವರ ಭೌತಶಾಸ್ತ್ರವನ್ನಲ್ಲ, ಪ್ರಶ್ನೆ ಕೇಳುವ ಕ್ರಮವನ್ನು. ಉಪಾದಾನ ಯಾವುದು, ನಿಮಿತ್ತ ಯಾವುದು, ಸಹಕಾರಿ ಯಾವುದು, ಇವುಗಳಲ್ಲಿ ಕಾರ್ಯದ ಯಾವ ಗುಣ ಯಾವುದರಿಂದ ಬಂತು ಎಂದು ಬಿಡಿಸಿ ಕೇಳುವ ಶಿಸ್ತು ಯಾವ ಕಾಲದ ಯಾವ ಕಾರ್ಯಕ್ಕೂ ಸಲ್ಲುತ್ತದೆ.

ಎಡತೊರೆಯ ಅದ್ವೈತದ ಕಡೆಯಿಂದ ಇನ್ನೊಂದು ಮಾತು ಬರಬಹುದು: ಕಾರ್ಯವು ಕಾರಣಕ್ಕಿಂತ ಬೇರೆಯಲ್ಲ, ಭೇದವೆಲ್ಲ ನಾಮರೂಪದ್ದು. ವ್ಯವಹಾರದಲ್ಲಿ ನಾಮರೂಪದ ಭೇದಕ್ಕೂ ಬಿಲ್ಲು ಬರುತ್ತದೆ ಎಂದು ನಗುತ್ತ ಉತ್ತರಿಸಬಹುದು. ನೀರು ಎಂಬ ಹೆಸರಿನಿಂದ ಜಲಜನಕ ಎಂಬ ಹೆಸರಿಗೆ ದಾಟಲು ಕಿಲೋಗೆ ಐವತ್ತು ಯೂನಿಟ್. ಪರಮಾರ್ಥದಲ್ಲಿ ಒಂದೇ ಆದದ್ದು ವ್ಯವಹಾರದಲ್ಲೂ ಒಂದೇ ಎಂದು ಅದ್ವೈತಿಗಳೂ ಹೇಳುವುದಿಲ್ಲ. ಆದ್ದರಿಂದ ಈ ವಾದ ಅವರನ್ನು ತಾಕುವುದಿಲ್ಲ, ಅವರ ವಾದ ಇದನ್ನು ಅಲ್ಲಾಡಿಸುವುದೂ ಇಲ್ಲ.

ಗೊಮ್ಮಟಗಿರಿಯ ಕಡೆಯ ಪ್ರಶ್ನೆ ಇದಕ್ಕಿಂತ ಹರಿತ. ಜೈನರಿಗೆ ನೀರು ಬರಿ ಜಡವಲ್ಲ, ಏಕೇಂದ್ರಿಯ ಜೀವಗಳ ಶರೀರ. ಅದನ್ನು ಸೋಸಿ, ಮಿತವಾಗಿ ಬಳಸುವುದು ವ್ರತದ ಭಾಗ. ಒಂದು ಕಿಲೋ ಅನಿಲಕ್ಕಾಗಿ 9 ಲೀಟರ್ ನೀರನ್ನು ಸೀಳುವುದು ಹಿಂಸೆಯಲ್ಲವೇ? ವಿಚಿತ್ರವೆಂದರೆ ಕೋಶದ ಎಂಜಿನಿಯರನು ಯಾವ ಶ್ರಾವಕನಿಗೂ, ಎಂದರೆ ಜೈನ ಗೃಹಸ್ಥನಿಗೂ, ಕಡಿಮೆಯಿಲ್ಲದಂತೆ ನೀರು ಸೋಸುತ್ತಾನೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಲವಣ ಯಾವುದೂ ಉಳಿಯಬಾರದು. ಉದ್ದೇಶ ಮಾತ್ರ ತಿರುಗುಮುರುಗು: ಶ್ರಾವಕ ನೀರಿನಲ್ಲಿರುವುದನ್ನು ತನ್ನಿಂದ ಕಾಪಾಡುತ್ತಾನೆ, ಎಂಜಿನಿಯರ್ ತನ್ನ ಪೊರೆಯನ್ನು ನೀರಿನಲ್ಲಿರುವುದರಿಂದ ಕಾಪಾಡುತ್ತಾನೆ. ಪ್ರಮಾಣವನ್ನು ಲೆಕ್ಕ ಹಾಕಿದರೆ ಭಯ ಸ್ವಲ್ಪ ಕಡಿಮೆಯಾಗುತ್ತದೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ನಿನ ಗುರಿ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್. ಅದಷ್ಟಕ್ಕೂ ಒಡೆಯಬೇಕಾದ ನೀರು ಸುಮಾರು ನಾಲ್ಕೂವರೆ ಕೋಟಿ ಟನ್, ಎಂದರೆ 1.6 ಟಿಎಂಸಿ. ಎಚ್.ಡಿ.ಕೋಟೆಯ ಕಬಿನಿ ಜಲಾಶಯ ತುಂಬಿದರೆ ಹಿಡಿಯುವುದು 19.52 ಟಿಎಂಸಿ. ಶುದ್ಧೀಕರಣಕ್ಕೆ, ತಣಿಸುವುದಕ್ಕೆ ಇದರ ಎರಡು ಮೂರು ಪಟ್ಟು ಸೇರಿದರೂ ಇಡೀ ದೇಶದ ಗುರಿಗೆ ಬೇಕಾದ ನೀರು ಒಂದು ಕಬಿನಿಯ ಮೂರನೇ ಒಂದು ಪಾಲನ್ನು ಮೀರುವುದು ಕಷ್ಟ. ಬಯಲುಸೀಮೆಯ ಒಣ ತಾಲ್ಲೂಕಿನಲ್ಲಿ ಸ್ಥಾವರ ಕೂರಿಸಿದರೆ ಅದು ಬೇರೆ ಮಾತು, ಅಲ್ಲಿ ಕೊಡ ನೀರೂ ದೊಡ್ಡದೇ. ಆದರೂ ಹಿಂಸೆಯ ದೊಡ್ಡ ಪಾಲು ನೀರನ್ನು ಒಡೆಯುವುದರಲ್ಲಿಲ್ಲ. ಕಬಿನಿಯ ಅಣೆಕಟ್ಟೆ 1974ರಲ್ಲಿ ಮುಗಿದಾಗ ಹಳ್ಳಿಗಳು ಮುಳುಗಿದವು, ಪುನ್ನಾಟ ಅರಸರ ರಾಜಧಾನಿಯಾಗಿದ್ದ ಕಿತ್ತೂರೂ ಮುಳುಗಿತು. ಜಲವಿದ್ಯುತ್ತು ಶುದ್ಧ ಎನ್ನುವಾಗ ಆ ನಿಮಿತ್ತದ ಹಿಂದಿನ ಮುಳುಗಡೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಹಿಂಸೆಯ ಪ್ರಶ್ನೆಯೂ ಕೊನೆಗೆ ನಿಮಿತ್ತದ ಬಾಗಿಲಿಗೇ ಬಂದು ನಿಲ್ಲುತ್ತದೆ.

ಕಲ್ಲಿದ್ದಲಿನ ಕರೆಂಟು ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕಲ್ಲಿದ್ದಲೇ ಹೆಚ್ಚಾಗಿರುವ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಆ ಕರೆಂಟಿನಿಂದ ನೀರು ಒಡೆದರೆ ಕಿಲೋ ಜಲಜನಕದ ತಲೆಯ ಮೇಲೆ ಸುಮಾರು 36 ಕಿಲೋ ಡೈಆಕ್ಸೈಡ್ ಕೂರುತ್ತದೆ. ನೈಸರ್ಗಿಕ ಅನಿಲದಿಂದ ತೆಗೆಯುವ ಹಳೆಯ ಪದ್ಧತಿಯಲ್ಲಾದರೂ ಇದು ಹತ್ತು ಕಿಲೋ ಆಸುಪಾಸು. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಪ್ರಕಟಿಸಿದ ಮಾನದಂಡದಂತೆ ಹಸಿರು ಎನಿಸಿಕೊಳ್ಳಲು ಅದು 2 ಕಿಲೋ ದಾಟಬಾರದು. ಈಗ ಈ ಮೂರು ಬಗೆಯ ಜಲಜನಕದ ಸಿಲಿಂಡರುಗಳನ್ನು ಪಕ್ಕಪಕ್ಕ ಇಟ್ಟು ಇವುಗಳಲ್ಲಿ ಹಸಿರು ಯಾವುದು ಎಂದು ಯಾವ ಪ್ರಯೋಗಾಲಯಕ್ಕಾದರೂ ಕಳಿಸಿ. ನೀರಿನಿಂದ ತೆಗೆದ ಶುದ್ಧ ಅನಿಲದ ಮೈಮೇಲೆ ಅದರ ಕರೆಂಟು ಎಲ್ಲಿಯದು ಎಂದು ಹೇಳುವ ಗುರುತೇ ಇಲ್ಲ. ಹೇಳುವುದು ಕರೆಂಟಿನ ಲೆಕ್ಕಪುಸ್ತಕ ಮಾತ್ರ. ವಸ್ತುವಿಗೆ ಸ್ವಂತದ್ದೆನ್ನುವ ಸ್ವಭಾವವಿಲ್ಲ, ಅದರ ಗುಣವೆಲ್ಲ ಪ್ರತ್ಯಯಗಳ, ಎಂದರೆ ಕೂಡಿಬರುವ ಕಾರಣಗಳ, ಕೂಟವನ್ನು ಆಶ್ರಯಿಸಿದೆ ಎಂಬ ನಾಗಾರ್ಜುನನ ಮಾತು ಸರ್ಕಾರಿ ಅಧಿಸೂಚನೆಯ ಒಳಗೆ ಹೀಗೆ ಬಂದು ಕೂತಿದೆ. ಸ್ವಭಾವವೇ ಇಲ್ಲದ ಮೇಲೆ ಹಸಿರು ಎಂಬುದು ಬರಿ ಚೀಟಿ, ಯಾರು ಯಾವುದಕ್ಕೆ ಬೇಕಾದರೂ ಅಂಟಿಸಬಹುದು ಎಂದು ಕೆಲವರು ಈ ಮಾತನ್ನು ತಿರುಚಬಹುದು. ನಾಗಾರ್ಜುನನ ಹಾದಿಯ ಮಾಧ್ಯಮಿಕರು ಅದನ್ನು ಒಪ್ಪುವುದಿಲ್ಲ. ಪ್ರತ್ಯಯಗಳನ್ನು ಆಶ್ರಯಿಸಿದ್ದು ಎಂದರೆ ಪ್ರತ್ಯಯಗಳನ್ನು ಪರೀಕ್ಷೆ ಮಾಡಿಯೇ ಹೇಳತಕ್ಕದ್ದು ಎಂದು ಅರ್ಥ, ಬಾಯಿಗೆ ಬಂದಂತೆ ಹೇಳಬಹುದು ಎಂದಲ್ಲ.

ತತ್ವದ ಈ ಪರದಾಟದಿಂದ ರೈತನಿಗೆ ಬರುವುದೇನು ಎಂಬ ಪ್ರಶ್ನೆ ಉಳಿದಿದೆ. ಈ ನಾಲ್ಕೂ ತಾಲ್ಲೂಕುಗಳ ಬ್ಯಾರನ್ನುಗಳಲ್ಲಿ ವರ್ಜೀನಿಯಾ ಸೊಪ್ಪನ್ನು ಹದ ಮಾಡಲು ದಿನಗಟ್ಟಲೆ ಸೌದೆ ಉರಿಯುತ್ತದೆ. ಕೊನೆಯ ಹಂತದಲ್ಲಿ ಬೇಕಾಗುವ ತಾಪ 70 ಡಿಗ್ರಿಯ ಆಸುಪಾಸು, ಅಷ್ಟೆ. ಸೌದೆಯ ಬದಲು ಜಲಜನಕ ಉರಿಸಿದರೆ ಹೇಗೆ ಎಂಬ ಆಸೆ ಯಾರಿಗಾದರೂ ಬಂದೀತು. 50 ಯೂನಿಟ್ ಕೊಟ್ಟು, ಸುಟ್ಟಾಗ 39 ಯೂನಿಟ್ಟಿಗಿಂತ ಹೆಚ್ಚು ಬಾರದ ಅನಿಲದಿಂದ ಇಷ್ಟು ಸಣ್ಣ ತಾಪ ತೆಗೆಯುವುದು ಸಲ್ಲದು. ಅದೇ ಕರೆಂಟನ್ನು ನೇರವಾಗಿ ಬಿಸಿಗೆ ಹಚ್ಚಿದರೂ ಮೇಲು, ಬಿಸಿಲನ್ನೇ ಹಚ್ಚಿದರೆ ಇನ್ನೂ ಮೇಲು. ಬೇರೆ ದಾರಿಯೇ ಇಲ್ಲದ ಕಡೆಗೆ ಮಾತ್ರ ಈ ದುಬಾರಿ ನಿಮಿತ್ತ ತಕ್ಕದ್ದು. ಅಂಥದೊಂದು ಕಡೆ ಗೊಬ್ಬರ ತಯಾರಿಕೆ. ಹೊಸ ಯೋಚನೆಯೇನೂ ಅಲ್ಲ. 1960ರ ದಶಕದಲ್ಲೇ ಪಂಜಾಬಿನ ನಂಗಲ್ ಕಾರ್ಖಾನೆ ಭಾಕ್ರಾದ ಕರೆಂಟಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿತ್ತು, ಆಮೇಲೆ ತೈಲದ ಕಡೆಗೆ ಹೊರಳಿತು. ಕೆ.ಆರ್.ನಗರದ ಭತ್ತದ ಗದ್ದೆಗೆ ಬೀಳುವ 45 ಕಿಲೋ ಯೂರಿಯಾ ಚೀಲವೊಂದನ್ನು ತಯಾರಿಸಲು ನಾಲ್ಕೂವರೆ ಕಿಲೋ ಜಲಜನಕ ಬೇಕು. ಅದನ್ನು ನೀರಿನಿಂದ ತೆಗೆಯುವುದಾದರೆ ಇಂದಿನ ಕೋಶಗಳಲ್ಲಿ 225ರಿಂದ 250 ಯೂನಿಟ್ ಕರೆಂಟು ಹಿಡಿಯುತ್ತದೆ. ಆ ಚೀಲಕ್ಕೆ ಸರ್ಕಾರ ಗೊತ್ತುಮಾಡಿರುವ ಬೆಲೆ, ಬೇವಿನ ಲೇಪ ಮತ್ತು ತೆರಿಗೆ ಬಿಟ್ಟು, 242 ರೂಪಾಯಿ. ಯೂನಿಟ್ಟಿಗೆ ಒಂದು ರೂಪಾಯಿಯಂತೆ ಇಪ್ಪತ್ತನಾಲ್ಕು ಗಂಟೆ ಸೌರ ವಿದ್ಯುತ್ತು ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ. ಉಳಿದದ್ದನ್ನು ಯಾರು ತುಂಬುತ್ತಾರೆ ಎಂಬುದನ್ನು ಹಸಿರು ಗೊಬ್ಬರದ ಮಾತಾಡುವವರು ಮೊದಲು ಹೇಳಲಿ.